ಕುಣಿಯುವ ಮುಳ್ಳಿನ ಸತ್ಯ, ಸುಳ್ಳು

ಟೂ-ಇನ್-ಒನ್ ಎಂದೊಡನೆ ನಡುವಯಸ್ಸು ದಾಟಿದವರಿಗೆ ಎರಡು ಸಂಗತಿ ನೆನಪಾಗುತ್ತವೆ. ಒಂದು, ಕ್ಯಾಸೆಟ್ ತುರುಕಿ ಗುಂಡಿ ಒತ್ತಿದಾಗ ಬರುತ್ತಿದ್ದ ‘ಟಕ್’ ಎಂಬ ಸದ್ದು. ಇನ್ನೊಂದು, ಹಾಡು ಆರಂಭವಾಗುತ್ತಲೇ ಗಾಜಿನ ಹಿಂದೆ ತಾಳ ಹಾಕಿದಂತೆ ಕುಣಿಯುತ್ತಿದ್ದ ಎರಡು ಪುಟ್ಟ ಮುಳ್ಳುಗಳು. ಸ್ವಲ್ಪ ತಡವಾಗಿ ಬಂದ ಮಾದರಿಗಳಲ್ಲಿ ಮುಳ್ಳುಗಳ ಜಾಗದಲ್ಲಿ ಹಸಿರು, ಕೆಂಪು ದೀಪಗಳ ಸಾಲು ಇರುತ್ತಿತ್ತು. ಎಡಕ್ಕೊಂದು, ಬಲಕ್ಕೊಂದು. ಪಕ್ಕದ ಮನೆಯ ಮಕ್ಕಳು ಹಾಡು ಕೇಳುವುದಕ್ಕಿಂತ ಆ ಕುಣಿತ ನೋಡುವುದಕ್ಕೆಂದೇ ಬಂದು ಕೂರುತ್ತಿದ್ದುದೂ ಉಂಟು.

ಆ ಯಂತ್ರಗಳು ಈಗ ಅಟ್ಟದಿಂದ ಕೆಳಗಿಳಿಯುತ್ತಿವೆ. ಹಳೆಯದರ ಮೇಲಿನ ಮೋಹ ಇದಕ್ಕೆ ಒಂದು ಕಾರಣವಾದರೆ, ಮನೆಯ ಹಿರಿಯರ ದನಿ, ಮದುವೆಯ ಸೋಬಾನೆ, ರಾತ್ರಿಯಿಡೀ ನಡೆದ ಯಕ್ಷಗಾನದ ತಾಳಮದ್ದಲೆ ಇವೆಲ್ಲ ಇನ್ನೂ ಕ್ಯಾಸೆಟ್‌ಗಳಲ್ಲೇ ಉಳಿದಿರುವುದು ಮತ್ತೊಂದು ಕಾರಣ. ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕಾದರೆ ಮೊದಲು ಯಂತ್ರ ಸರಿಯಾಗಿ ನುಡಿಯಬೇಕು. ಆಗ ಎದುರಾಗುವ ದೂರುಗಳಲ್ಲಿ ಒಂದು ವಿಚಿತ್ರವಾದುದು: ಸದ್ದು ಸರಿಯಾಗಿಯೇ ಇದೆ, ಆದರೆ ಮುಳ್ಳು ಮಾತ್ರ ಹುಚ್ಚು ಹಿಡಿದಂತೆ ಕುಣಿಯುತ್ತದೆ, ಅಥವಾ ಮೆಲುದನಿಯ ಹಾಡಿಗೂ ಕೆಂಪು ದೀಪದವರೆಗೆ ಎಲ್ಲವೂ ಹೊತ್ತಿಕೊಳ್ಳುತ್ತವೆ.

ಇದು ರೋಗವೇ, ಹುಟ್ಟುಗುಣವೇ? ಉತ್ತರ ಬೇಕಾದರೆ ಆ ಮುಳ್ಳು ಏನನ್ನು ಅಳೆಯಲು ಹುಟ್ಟಿತು ಎಂಬುದನ್ನು ಮೊದಲು ತಿಳಿಯಬೇಕು. ಆ ಕಥೆ ಆರಂಭವಾಗುವುದು ಟೇಪ್ ರೆಕಾರ್ಡರ್‌ನಿಂದಲ್ಲ, ಟೆಲಿಫೋನ್ ತಂತಿಯಿಂದ.

ಮೈಲಿ ಲೆಕ್ಕದ ಸದ್ದು

ತಂತಿಯಲ್ಲಿ ದೂರ ಹೋದಷ್ಟೂ ಮಾತು ಕ್ಷೀಣಿಸುತ್ತದೆ. ಎಷ್ಟು ಕ್ಷೀಣಿಸಿತು ಎಂದು ಹೇಳಲು ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ಮೊದಲು ಬಳಸುತ್ತಿದ್ದುದು ಮೈಲಿಯನ್ನೇ. ನಿರ್ದಿಷ್ಟ ಗುಣಮಟ್ಟದ ಒಂದು ಮೈಲಿ ಕೇಬಲ್ ಎಷ್ಟು ಸದ್ದನ್ನು ನುಂಗುತ್ತದೆಯೋ ಅದೇ ಒಂದು ಅಳತೆ. 1920ರ ದಶಕದಲ್ಲಿ ಈ ಕ್ರಮ ಕೈಬಿಟ್ಟು ಗಣಿತದ ಆಧಾರದ ಮೇಲೆ ಹೊಸ ಮಾನವನ್ನು ತಂದರು. ಟೆಲಿಫೋನ್ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ 1922ರಲ್ಲಿ ತೀರಿಕೊಂಡಿದ್ದರು. ಅವರ ಹೆಸರೇ ಆ ಮಾನಕ್ಕೆ ಸಂದಿತು. ಅದೇ ಇಂದಿನ ಡೆಸಿಬೆಲ್.

ಡೆಸಿಬೆಲ್ ಲೆಕ್ಕ ಸಾಮಾನ್ಯ ಕೂಡುವಿಕೆಯದಲ್ಲ. ಶಕ್ತಿ ಎರಡು ಪಟ್ಟಾದರೆ ಸುಮಾರು 3 ಡೆಸಿಬೆಲ್ ಏರಿಕೆ, ಹತ್ತು ಪಟ್ಟಾದರೆ 10, ನೂರು ಪಟ್ಟಾದರೆ 20. ಕಿವಿಯ ಸ್ವಭಾವವೂ ಹೆಚ್ಚು ಕಡಿಮೆ ಹೀಗೆಯೇ. ಪಿಸುಮಾತಿನಿಂದ ಗುಡುಗಿನವರೆಗೆ ಕೋಟಿಗಟ್ಟಲೆ ಪಟ್ಟು ವ್ಯತ್ಯಾಸವಿರುವ ಸದ್ದುಗಳನ್ನು ಅದು ಅರಗಿಸಿಕೊಳ್ಳುತ್ತದೆ. ಅಷ್ಟು ದೊಡ್ಡ ಹರವನ್ನು ಅಂಗೈಯಗಲದ ಪಟ್ಟಿಯ ಮೇಲೆ ತೋರಿಸಲು ಇಂಥದೊಂದು ಲೆಕ್ಕ ಬೇಕೇ ಬೇಕಾಗಿತ್ತು.

ಮಾನವೇನೋ ಸಿಕ್ಕಿತು, ಜಗಳ ಮುಗಿಯಲಿಲ್ಲ. 1926ರಲ್ಲಿ ಎನ್‌ಬಿಸಿ, ಮರುವರ್ಷ ಸಿಬಿಎಸ್ ಹುಟ್ಟಿಕೊಂಡು ಅಮೆರಿಕದಲ್ಲಿ ರೇಡಿಯೋ ಜಾಲಗಳು ಬೆಳೆದವು. ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಹಾಡಿದ ಹಾಡು ಟೆಲಿಫೋನ್ ಕಂಪನಿಯ ತಂತಿಗಳ ಮೂಲಕವೇ ದೂರದ ಊರುಗಳ ಪ್ರಸಾರ ಕೇಂದ್ರಗಳಿಗೆ ಹೋಗಬೇಕು. ಸದ್ದು ಹೆಚ್ಚಾದರೆ ತಂತಿಯ ದಾರಿಯಲ್ಲಿರುವ ವರ್ಧಕಗಳು ಉಸಿರುಗಟ್ಟಿ ದನಿ ಒಡೆಯುತ್ತದೆ, ಪಕ್ಕದ ತಂತಿಗೂ ಸೋರುತ್ತದೆ. ಕಡಿಮೆಯಾದರೆ ಗೊರಗೊರ ಸದ್ದಿನಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ತಂತಿಯ ಈ ತುದಿಯವರೂ ಆ ತುದಿಯವರೂ ಫೋನಿನಲ್ಲಿ ಮಾತಾಡಿಕೊಂಡು ಮಟ್ಟ ಹೊಂದಿಸಿಕೊಳ್ಳಬೇಕಿತ್ತು.

ತೊಡಕು ಇದ್ದುದು ಮಾಪಕಗಳಲ್ಲಿ. ಕೆಲವು ಸದ್ದಿನ ಶಿಖರವನ್ನು ಹಿಡಿದರೆ ಕೆಲವು ಸರಾಸರಿಯನ್ನು ತೋರುತ್ತಿದ್ದವು. ಒಂದರ ಮುಳ್ಳು ಚುರುಕು, ಇನ್ನೊಂದರದು ಮಂದ. ಸೊನ್ನೆ ಎಂದರೆ ಎಷ್ಟು ಎಂಬುದರಲ್ಲೂ ಒಮ್ಮತವಿಲ್ಲ. ಒಬ್ಬರಿಗೆ 6 ಮಿಲಿವಾಟ್, ಇನ್ನೊಬ್ಬರಿಗೆ 1 ಮಿಲಿವಾಟ್. ಒಂದೇ ಹಾಡಿಗೆ ಎರಡು ಊರಿನಲ್ಲಿ ಎರಡು ಲೆಕ್ಕ. ತಪ್ಪು ಯಾರದೆಂದು ಹೇಳುವವರಾರು? ತಕ್ಕಡಿಯೇ ಬೇರೆ ಬೇರೆಯಾದ ಮೇಲೆ ಸಂತೆಯಲ್ಲಿ ನ್ಯಾಯ ಸಿಕ್ಕೀತೆ?

ಮೂವರ ಒಪ್ಪಂದ

1938ರಲ್ಲಿ ಬೆಲ್ ಟೆಲಿಫೋನ್ ಪ್ರಯೋಗಾಲಯ, ಸಿಬಿಎಸ್ ಮತ್ತು ಎನ್‌ಬಿಸಿ ಒಟ್ಟಿಗೆ ಕುಳಿತವು. ಎರಡು ರೇಡಿಯೋ ಸಂಸ್ಥೆಗಳು ಪರಸ್ಪರ ಪ್ರತಿಸ್ಪರ್ಧಿಗಳು. ಮೂರನೆಯದು ಇಬ್ಬರಿಂದಲೂ ಬಾಡಿಗೆ ಪಡೆಯುವ ಟೆಲಿಫೋನ್ ಕಂಪನಿಯ ಕಡೆಯದು. ಆದರೂ ಒಂದು ಮಾಪಕಕ್ಕೆ ಒಪ್ಪಿಕೊಂಡವು. 1939ರ ಮೇ ತಿಂಗಳಿನಿಂದ ಹೊಸ ಮಾನಕ ಬಳಕೆಗೆ ಬಂತು. ಎಚ್.ಎ. ಚಿನ್, ಡಿ.ಕೆ. ಗ್ಯಾನೆಟ್ ಮತ್ತು ಆರ್.ಎಂ. ಮಾರಿಸ್ ಎಂಬ ಮೂವರು ಎಂಜಿನಿಯರುಗಳು ಇದರ ವಿವರಗಳನ್ನು 1940ರಲ್ಲಿ ಪ್ರಕಟಿಸಿದರು. ಮಾಪಕದ ಹೆಸರು ವಾಲ್ಯೂಮ್ ಯೂನಿಟ್ ಮೀಟರ್. ಎಲ್ಲರ ಬಾಯಲ್ಲಿ ವಿಯು ಮೀಟರ್.

ಅದರ ಪಟ್ಟಿ ಮೈನಸ್ 20ರಿಂದ ಪ್ಲಸ್ 3ರವರೆಗೆ. ಸೊನ್ನೆಯಾಚೆಗಿನ ಭಾಗ ಕೆಂಪು. ಮುಳ್ಳು ವೋಲ್ಟೇಜಿಗೆ ತಕ್ಕಂತೆ ಬಾಗುವುದರಿಂದ ಸೊನ್ನೆ ಗುರುತು ಬಲತುದಿಯಲ್ಲಿರದೆ ಪಟ್ಟಿಯ ಸುಮಾರು 71 ಶೇಕಡಾ ದೂರದಲ್ಲಿರುತ್ತದೆ. ಎಡಗಡೆಯ ಅಂಕೆಗಳು ಒತ್ತೊತ್ತಾಗಿ ಕೂತಿರುತ್ತವೆ. ದಿನವಿಡೀ ನೋಡುವವರ ಕಣ್ಣು ದಣಿಯಬಾರದೆಂದು ಹಿನ್ನೆಲೆಗೆ ಬಿಳಿಯ ಬದಲು ಕೆನೆ ಬಣ್ಣ ಆರಿಸಿದರು. ಇಂದಿಗೂ ಹಳೆಯ ಶೈಲಿಯ ಮಾಪಕ ಚಿತ್ರಿಸುವವರು ಅದೇ ಬಣ್ಣ ಬಳಿಯುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದುದು ಮುಳ್ಳಿನ ನಡಿಗೆ. ಸದ್ದು ಒಮ್ಮೆಲೇ ಬಂದರೆ ಮುಳ್ಳು ತನ್ನ ಸ್ಥಾನ ಮುಟ್ಟಲು ಸೆಕೆಂಡಿನ ಹತ್ತನೇ ಮೂರು ಭಾಗ, ಅಂದರೆ 300 ಮಿಲಿಸೆಕೆಂಡ್ ತೆಗೆದುಕೊಳ್ಳಬೇಕು. ಗುರಿ ದಾಟಿ ಮುಂದೆ ನೆಗೆಯುವುದು ಒಂದರಿಂದ ಒಂದೂವರೆ ಶೇಕಡಾ ಮೀರಬಾರದು. ಅಂದರೆ ಮುಳ್ಳು ಬೇಕೆಂದೇ ನಿಧಾನಿ. ತಬಲಾದ ಒಂದು ಚಾಟಿಪೆಟ್ಟು ಬಂದು ಹೋಗುವಷ್ಟರಲ್ಲಿ ಅದು ಅರ್ಧ ದಾರಿಯನ್ನೂ ಕ್ರಮಿಸಿರುವುದಿಲ್ಲ.

ಇದು ದೋಷವಲ್ಲವೇ ಎಂಬ ಪ್ರಶ್ನೆ ಆಗಲೂ ಇತ್ತು. ಶಿಖರ ತೋರಿಸುವ ಚುರುಕು ಮಾಪಕಗಳನ್ನೂ ಅವರು ಪರೀಕ್ಷಿಸಿದ್ದರು. ಆದರೆ ಉದ್ದನೆಯ ಟೆಲಿಫೋನ್ ತಂತಿಯಲ್ಲಿ ಸಾಗುವಾಗ ಸದ್ದಿನ ಶಿಖರಗಳ ಆಕಾರವೇ ಬದಲಾಗಿಬಿಡುತ್ತದೆ. ಹೊರಟಲ್ಲಿ ಒಂದು, ತಲುಪಿದಲ್ಲಿ ಇನ್ನೊಂದು. ಸರಾಸರಿ ಹಾಗೆ ಬದಲಾಗುವುದಿಲ್ಲ. ಅಲ್ಲದೆ ಕೇಳುಗನಿಗೆ ಸದ್ದು ಜೋರೋ ಮೆಲ್ಲಗೋ ಎಂಬ ಅನುಭವಕ್ಕೂ ಸರಾಸರಿಯೇ ಹತ್ತಿರ. ತಾಮ್ರದ ಆಕ್ಸೈಡಿನ ರೆಕ್ಟಿಫೈಯರ್ ಇದ್ದ ಈ ಮಾಪಕಕ್ಕೆ ಬೇರೆ ವಿದ್ಯುತ್ತೂ ಬೇಕಿರಲಿಲ್ಲ, ಬೆಲೆಯೂ ಕಡಿಮೆ.

ಲಂಡನ್ನಿನ ದಾರಿ ಬೇರೆ. ಬಿಬಿಸಿ ಎಂಜಿನಿಯರುಗಳು 1930ರ ದಶಕದಲ್ಲೇ ಶಿಖರ ಹಿಡಿಯುವ ಮಾಪಕವನ್ನು ನೆಚ್ಚಿಕೊಂಡರು. ಕಪ್ಪು ಹಿನ್ನೆಲೆ, ಬಿಳಿ ಮುಳ್ಳು, 1ರಿಂದ 7ರವರೆಗಿನ ಅಂಕೆ. ಡೆಸಿಬೆಲ್ಲಿನ ಹೆಸರೇ ಇಲ್ಲ. ಮುಳ್ಳು ಮಿಂಚಿನಂತೆ ಏರಿ, ಕಣ್ಣಿಗೆ ಓದಲು ಸಮಯ ಸಿಗಲೆಂದು ಮೆಲ್ಲನೆ ಇಳಿಯುತ್ತಿತ್ತು. ಪ್ರಸಾರ ಯಂತ್ರ ಒಡೆದ ದನಿ ಹೊರಡಿಸಬಾರದು ಎಂಬುದು ಅವರ ಮೊದಲ ಕಾಳಜಿ. ಕೇಳುಗನ ಕಿವಿಯನ್ನು ಅಳೆಯಬೇಕೋ, ಯಂತ್ರದ ತಾಳಿಕೆಯನ್ನು ಅಳೆಯಬೇಕೋ? ಸಾಗರದ ಎರಡು ದಡಗಳಲ್ಲಿ ಎರಡು ಉತ್ತರ ನಿಂತವು.

ಸ್ಟುಡಿಯೋದಿಂದ ಹೆಗಲಿಗೆ

1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಫಿಲಿಪ್ಸ್ ಕಂಪನಿ ಪುಟ್ಟ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿತು. ಲೂ ಓಟೆನ್ಸ್ ನೇತೃತ್ವದ ತಂಡ ರೂಪಿಸಿದ ಈ ಕ್ಯಾಸೆಟ್ ಟೇಪ್ ರೆಕಾರ್ಡರನ್ನು ಸ್ಟುಡಿಯೋದಿಂದ ಮನೆಗೆ ತಂದಿತು. ಮುಂದೆ ರೇಡಿಯೋ ಮತ್ತು ಕ್ಯಾಸೆಟ್ ಒಂದೇ ಪೆಟ್ಟಿಗೆಯೊಳಗೆ ಸೇರಿದವು. 1970ರ ದಶಕದ ಕೊನೆಗೆ ಜಪಾನಿನ ಕಂಪನಿಗಳು ಎರಡು ಸ್ಪೀಕರುಗಳ ಸ್ಟೀರಿಯೋ ಪೆಟ್ಟಿಗೆಗಳನ್ನು ಸಾಲುಸಾಲಾಗಿ ಹೊರತಂದವು.

ನ್ಯೂಯಾರ್ಕಿನ ಬೀದಿಗಳಲ್ಲಿ ಕರಿಯ ಮತ್ತು ಲ್ಯಾಟಿನ್ ಯುವಕರು ಇದನ್ನು ಹೆಗಲಿಗೇರಿಸಿದರು; ಹೆಸರು ಬೂಮ್‌ಬಾಕ್ಸ್ ಎಂದಾಯಿತು. ಹಿಪ್-ಹಾಪ್ ಸಂಗೀತ ಬೀದಿಯಿಂದ ಬೀದಿಗೆ ಹರಡಿದ್ದು ಬಹುಪಾಲು ಇದರ ಬೆನ್ನೇರಿ. ಎಲ್‌ಎಲ್ ಕೂಲ್ ಜೆ ಎಂಬ ಗಾಯಕ 1985ರಲ್ಲಿ ‘ರೇಡಿಯೋ’ ಎಂಬ ಆಲ್ಬಂ ತಂದಾಗ ಮುಖಪುಟದಲ್ಲಿ ಅಚ್ಚಾದುದು ಜೆವಿಸಿ ಕಂಪನಿಯ ಇಂಥದೊಂದು ಪೆಟ್ಟಿಗೆಯ ಚಿತ್ರ. 1989ರಲ್ಲಿ ಸ್ಪೈಕ್ ಲೀ ನಿರ್ದೇಶಿಸಿದ ‘ಡೂ ದಿ ರೈಟ್ ಥಿಂಗ್’ ಚಿತ್ರದ ದುರಂತಕ್ಕೆ ಕಿಡಿ ತಗಲುವುದೂ ಅಂಥದೇ ಪೆಟ್ಟಿಗೆಯ ಸದ್ದಿನಿಂದ.

ನಮ್ಮ ಕರಾವಳಿಯ ಊರುಗಳಿಗೆ ಈ ಪೆಟ್ಟಿಗೆಗಳು ಬಂದದ್ದು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ರಜೆಗೆ ಬಂದವರ ಸಾಮಾನಿನ ಜೊತೆಗೆ. ಕನ್ನಡದಲ್ಲಿ ಭಾವಗೀತೆಗಳ ಕ್ಯಾಸೆಟ್ ಯುಗಕ್ಕೆ ದಾರಿ ಮಾಡಿದ ‘ನಿತ್ಯೋತ್ಸವ’ ಹೊರಬಂದದ್ದು 1978ರಲ್ಲಿ. ಕೇಳುವ ಯಂತ್ರವೂ ಕೇಳಬೇಕಾದ ಹಾಡೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಮನೆ ಹೊಕ್ಕವು.

ಈ ಪಯಣದಲ್ಲಿ ಮಾಪಕಕ್ಕೆ ಒದಗಿದ ಗತಿಯೇ ಸ್ವಾರಸ್ಯಕರ. ಇಂಥ ಪೆಟ್ಟಿಗೆಗಳಲ್ಲಿ ಬಹುಪಾಲಿಗೆ ಧ್ವನಿಮುದ್ರಣದ ಮಟ್ಟವನ್ನು ತಾನೇ ಸರಿಪಡಿಸಿಕೊಳ್ಳುವ ಸರ್ಕಿಟ್ ಇತ್ತು. ಬಳಕೆದಾರ ತಿರುಗಿಸಬೇಕಾದ ಗುಂಡಿಯೇ ಇಲ್ಲದ ಮೇಲೆ ಮಾಪಕ ನೋಡಿ ಮಾಡುವುದಾದರೂ ಏನು? ಆದರೂ ಮಾಪಕ ಉಳಿಯಿತು, ಏಕೆಂದರೆ ಅಂಗಡಿಯ ಕಪಾಟಿನಲ್ಲಿ ಗಿರಾಕಿಯ ಕಣ್ಣು ಸೆಳೆಯುವುದು ಅದೇ. ಕಂಪನಿಗಳು ಹಗುರವಾದ ಅಗ್ಗದ ಮುಳ್ಳುಗಳನ್ನು ಕೂರಿಸಿದವು. 300 ಮಿಲಿಸೆಕೆಂಡಿನ ನಿಯಮವನ್ನು ಪಾಲಿಸುವ ಗೋಜಿಗೆ ಹೋಗದಿದ್ದರೂ ಗಾಜಿನ ಮೇಲೆ ‘ವಿಯು’ ಎಂಬ ಎರಡಕ್ಷರ ಮಾತ್ರ ಅಚ್ಚಾಗುತ್ತಿತ್ತು.

ಬೆಳಕಿನ ದೀಪಗಳು ಬಂದ ಮೇಲೆ ಕೆಲಸ ಇನ್ನೂ ಸುಲಭವಾಯಿತು. ಮತ್ಸುಶಿತಾ ಕಂಪನಿಯ ಎಎನ್6884 ಎಂಬ ಒಂದೇ ಚಿಪ್ ಐದು ಎಲ್‌ಇಡಿಗಳನ್ನು ಮೈನಸ್ 10, ಮೈನಸ್ 5, ಸೊನ್ನೆ, ಪ್ಲಸ್ 3, ಪ್ಲಸ್ 6 ಡೆಸಿಬೆಲ್ ಮೆಟ್ಟಿಲುಗಳಲ್ಲಿ ಬೆಳಗುತ್ತದೆ. ಅಮೆರಿಕದ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ3915 ಹತ್ತು ದೀಪಗಳನ್ನು 3 ಡೆಸಿಬೆಲ್ ಅಂತರದಲ್ಲಿ ಉರಿಸುತ್ತದೆ. ಮುಳ್ಳಿಗಿರುವ ತೂಕ ದೀಪಕ್ಕಿಲ್ಲ. ಹೀಗಾಗಿ ಅದು ನಿಧಾನವಾಗಿ ನಡೆಯಬೇಕಾದರೆ ಪಕ್ಕದಲ್ಲೊಂದು ಕೆಪಾಸಿಟರ್ ಇಟ್ಟು ಲಗಾಮು ಹಾಕಬೇಕಾಗುತ್ತದೆ. ದೂರುಗಳ ಮೂಲ ಎಷ್ಟೋ ಸಲ ಇಲ್ಲೇ ಇರುತ್ತದೆ.

ಅತಿಯಾಗಿ ಕುಣಿದರೆ

ಅತಿ ಕುಣಿತ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ರೋಗಗಳು ಅಡಗಿವೆ. ಮಾಪಕ ಸದಾ ಹೆಚ್ಚು ತೋರುವುದು ಒಂದು. ಸರಿಯಾದ ಎತ್ತರಕ್ಕೇ ಏರಿದರೂ ನಡುಗುತ್ತ, ಪಟಪಟನೆ ಹೊಡೆದುಕೊಳ್ಳುವುದು ಇನ್ನೊಂದು. ಅನುಭವಿ ರಿಪೇರಿಗಾರರು ಮೊದಲು ಇವೆರಡನ್ನು ಬೇರ್ಪಡಿಸುತ್ತಾರೆ.

ನಡುಗುವ ಮಾಪಕದಲ್ಲಿ ಅನುಮಾನ ಬೀಳುವುದು ಲಗಾಮಿನ ಕೆಪಾಸಿಟರ್ ಮೇಲೆ. ಈ ಪುಟ್ಟ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಒಳಗೆ ದ್ರವವಿರುತ್ತದೆ. ನಲವತ್ತು ವರ್ಷಗಳಲ್ಲಿ ಅದು ಒಣಗಿ ಕೆಪಾಸಿಟರ್ ತನ್ನ ಧಾರಣಶಕ್ತಿ ಕಳೆದುಕೊಂಡಿರುತ್ತದೆ. ಹಿಡಿದಿಡುವವರಿಲ್ಲದೆ ಮಾಪಕ ಪ್ರತಿ ಅಲೆಯ ಹಿಂದೆಯೂ ಓಡತೊಡಗುತ್ತದೆ. ಅದೇ ಬೆಲೆಯ ಹೊಸ ಕೆಪಾಸಿಟರ್ ಹಾಕಿದರೆ ಕುಣಿತ ಹದಕ್ಕೆ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಜಾಗದಲ್ಲಿ ಅದು ಕೆಲವೇ ರೂಪಾಯಿಯ ಸಾಮಾನು.

ಸದಾ ಹೆಚ್ಚು ತೋರುವ ಮಾಪಕಕ್ಕೆ ಪರೀಕ್ಷೆ ಹಂತಹಂತವಾಗಿ ನಡೆಯಬೇಕು. ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ ಏನಾಗುತ್ತದೆ ನೋಡಬೇಕು. ಕೆಲವು ಪೆಟ್ಟಿಗೆಗಳಲ್ಲಿ ಮಾಪಕ ವಾಲ್ಯೂಮ್ ಗುಂಡಿಯ ನಂತರ ಇರುತ್ತದೆ; ಸದ್ದು ಏರಿಸಿದಷ್ಟೂ ಅದೂ ಏರುತ್ತದೆ. ಕೆಲವುಗಳಲ್ಲಿ ಗುಂಡಿಗಿಂತ ಮೊದಲೇ ಇರುವುದರಿಂದ ಸದ್ದು ಅಡಗಿದರೂ ಮುಳ್ಳು ಕುಣಿಯುತ್ತಲೇ ಇರುತ್ತದೆ. ಇದು ದೋಷವಲ್ಲ, ವಿನ್ಯಾಸ. ಇದನ್ನು ತಿಳಿಯದೆ ಪೆಟ್ಟಿಗೆ ಬಿಚ್ಚಿದರೆ ಇಲ್ಲದ ರೋಗಕ್ಕೆ ಮದ್ದು ಹುಡುಕಿದಂತೆ.

ಹಾಡೂ ಇಲ್ಲ, ರೇಡಿಯೋವೂ ಇಲ್ಲ, ಆದರೂ ದೀಪ ಹೊತ್ತಿದೆ ಎಂದರೆ ಸದ್ದಲ್ಲದ ಬೇರೇನೋ ಮಾಪಕವನ್ನು ತಲುಪುತ್ತಿದೆ ಎಂದರ್ಥ. ಬ್ಯಾಟರಿಯಲ್ಲಿ ಸರಿಯಿದ್ದು ಮನೆಯ ವಿದ್ಯುತ್ತಿನಲ್ಲಿ ಮಾತ್ರ ಹೀಗಾದರೆ ವಿದ್ಯುತ್ತನ್ನು ಸಮಗೊಳಿಸುವ ದೊಡ್ಡ ಕೆಪಾಸಿಟರ್ ಸೋತಿರಬಹುದು. ನಮ್ಮಲ್ಲಿಯ ವಿದ್ಯುತ್ತಿನ ಕಂಪನ ಸೆಕೆಂಡಿಗೆ 50; ಸಾಮಾನ್ಯ ರೆಕ್ಟಿಫೈಯರ್ ದಾಟಿ ಅದು 100ರ ಗುಂಯ್‌ಗುಡುವಿಕೆಯಾಗಿ ಸೋರುತ್ತದೆ. ಹೆಚ್ಚು ವೋಲ್ಟೇಜಿನ ಬದಲಿ ಅಡಾಪ್ಟರ್ ಚುಚ್ಚಿದ್ದರೂ ತೊಂದರೆ ತಪ್ಪಿದ್ದಲ್ಲ. ಎರಡರಲ್ಲೂ ಹೀಗೇ ಆದರೆ ಮಾಪಕದ ಬಾಗಿಲಲ್ಲಿ ನೇರ ವಿದ್ಯುತ್ತನ್ನು ತಡೆಯಬೇಕಾದ ಕೆಪಾಸಿಟರ್ ಸೋರುತ್ತಿದೆಯೇ ಎಂದು ನೋಡಬೇಕು.

ಎಫ್‌ಎಂ ಹಾಕಿದಾಗ ಮಾತ್ರ ಏರಿದರೆ? ಸ್ಟೀರಿಯೋ ಪ್ರಸಾರದ ಜೊತೆಗೆ ಕಿವಿಗೆ ಕೇಳದ 19 ಕಿಲೋಹರ್ಟ್ಸ್‌ನ ಒಂದು ಗುರುತು ಸ್ವರ ಬರುತ್ತದೆ. ಅದನ್ನು ಸೋಸುವ ಫಿಲ್ಟರ್ ಕೆಟ್ಟಿದ್ದರೆ ಕಿವಿಗೆ ಏನೂ ತಿಳಿಯದು, ಮಾಪಕಕ್ಕೆ ತಿಳಿಯುತ್ತದೆ. ಧ್ವನಿಮುದ್ರಣದ ಗುಂಡಿ ಒತ್ತಿದಾಗ ಮಾತ್ರ ಏರಿದರೆ, ಟೇಪಿಗೆ ಬೇಕಾದ ಬಯಾಸ್ ಎಂಬ ಅತಿ ವೇಗದ ಕಂಪನ ದಾರಿ ತಪ್ಪಿರಬಹುದು. ರೆಕಾರ್ಡ್ ಮತ್ತು ಪ್ಲೇ ನಡುವೆ ಜಾರುವ ಉದ್ದನೆಯ ಸ್ವಿಚ್ಚಿನ ಕಾಲುಗಳು ಕಪ್ಪಗಾಗಿದ್ದರೂ ಹೀಗಾಗುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ಆಚೀಚೆ ಆಡಿಸುವುದೇ ಎಷ್ಟೋ ಬಾರಿ ಸಾಕಾಗುತ್ತದೆ.

ಉಳಿದದ್ದು ಮನುಷ್ಯರು ಮಾಡಿದ ತಪ್ಪು. ಮಾಪಕದ ಹದ ಹೊಂದಿಸುವ ಪುಟ್ಟ ತಿರುಗುಮೊಳೆ, ಅಂದರೆ ಪ್ರಿಸೆಟ್, ತುಕ್ಕು ಹಿಡಿದು ನೆಲದ ಕಡೆಯ ಸಂಪರ್ಕ ಕಳೆದುಕೊಂಡರೆ ಇಡೀ ಸಿಗ್ನಲ್ ಮಾಪಕದ ಮೇಲೆರಗುತ್ತದೆ. ಹಿಂದೊಮ್ಮೆ ಯಾರೋ 500 ಮೈಕ್ರೋಆಂಪಿನ ಮುಳ್ಳಿನ ಬದಲು 200ರದು ಹಾಕಿದ್ದರೆ ಅದು ಎರಡೂವರೆ ಪಟ್ಟು ಬಾಗುತ್ತದೆ. ಹಳೆಯ ಜರ್ಮೇನಿಯಂ ಡಯೋಡಿನ ಜಾಗದಲ್ಲಿ ಸಿಲಿಕಾನ್ ಡಯೋಡ್ ಬೆಸೆದಿದ್ದರೆ ಸಂಗತಿ ಇನ್ನೂ ಸೂಕ್ಷ್ಮ. ಜರ್ಮೇನಿಯಂ 0.2 ಅಥವಾ 0.3 ವೋಲ್ಟಿಗೇ ಬಾಗಿಲು ತೆರೆದರೆ ಸಿಲಿಕಾನಿಗೆ 0.6 ವೋಲ್ಟ್ ಬೇಕು. ಮೆಲ್ಲನೆಯ ಸದ್ದಿಗೆ ಮುಳ್ಳು ಅಲುಗುವುದಿಲ್ಲವೆಂದು ಪ್ರಿಸೆಟ್ ತಿರುಗಿಸಿ ಏರಿಸುತ್ತಾರೆ. ಆಗ ಜೋರು ಸದ್ದಿಗೆ ಅದು ತುದಿಗೆ ಬಡಿಯುತ್ತದೆ.

ಈ ಎಲ್ಲ ಪರೀಕ್ಷೆಗಳಲ್ಲಿ ನೆರವಾಗುವುದು ಪೆಟ್ಟಿಗೆಯೊಳಗೇ ಇರುವ ಸಾಕ್ಷಿ. ಸ್ಟೀರಿಯೋ ಎಂದರೆ ಎಡ, ಬಲ ಎರಡೂ ಒಂದೇ ರೀತಿಯ ಸರ್ಕಿಟ್. ಒಂದು ಕಡೆ ಮಾತ್ರ ಕೆಟ್ಟಿದ್ದರೆ ಎರಡೂ ಬದಿಯ ವೋಲ್ಟೇಜನ್ನು ಹೋಲಿಸುತ್ತ ಹೋದರೆ ವ್ಯತ್ಯಾಸ ಆರಂಭವಾಗುವ ಜಾಗ ಸಿಕ್ಕೇ ಸಿಗುತ್ತದೆ. ಎರಡೂ ಕಡೆ ಒಂದೇ ರೀತಿ ಕೆಟ್ಟಿದ್ದರೆ ಇಬ್ಬರಿಗೂ ಸಮಾನವಾದ ವಿದ್ಯುತ್ ಪೂರೈಕೆ, ಸ್ವಿಚ್ ಅಥವಾ ಚಿಪ್ ಕಡೆ ತಿರುಗಬೇಕು. ಪೆಟ್ಟಿಗೆ ತೆರೆಯುವ ಮುನ್ನ ವಿದ್ಯುತ್ ತಂತಿ ಕಳಚಿರಬೇಕು. ಒಳಗಿನ ಟ್ರಾನ್ಸ್‌ಫಾರ್ಮರಿಗೆ ಬರುವುದು 230 ವೋಲ್ಟ್ ಎಂಬುದನ್ನು ಮರೆಯುವಂತಿಲ್ಲ.

ಬದಲಾದ ಕೆಂಪಿನ ಅರ್ಥ

ಕುಣಿದರೆ ಕುಣಿಯಲಿ, ಹಾಡು ಕೇಳಿದರಾಯಿತಲ್ಲ ಎನ್ನುವವರಿದ್ದಾರೆ. ಬರೀ ಕೇಳುವುದಾದರೆ ಆ ಮಾತು ಸರಿ. ಆದರೆ ಮುದ್ರಣದ ಮಟ್ಟವನ್ನು ಕೈಯಿಂದ ಹೊಂದಿಸುವ ಯಂತ್ರದಲ್ಲಿ ಸುಳ್ಳು ಹೇಳುವ ಮಾಪಕ ನಷ್ಟ ಮಾಡುತ್ತದೆ. ಮುಳ್ಳು ಕೆಂಪಿಗೆ ಹೋಯಿತೆಂದು ಮಟ್ಟ ಇಳಿಸಿದರೆ ದನಿ ಟೇಪಿನ ಹಿಸ್ಸೆಂಬ ಸದ್ದಿನೊಳಗೆ ಹೂತುಹೋಗುತ್ತದೆ. ಅಂದು ಹಾಗೆ ಹೂತುಹೋದ ದನಿಯನ್ನು ಇಂದು ಯಾವ ಕಂಪ್ಯೂಟರೂ ಪೂರ್ತಿ ಮೇಲೆತ್ತಿಕೊಡಲಾರದು.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವಾಗ ಇನ್ನೊಂದು ಎಚ್ಚರ ಬೇಕು. ಟೇಪ್ ಉದಾರಿ. ಸದ್ದು ಸೊನ್ನೆ ದಾಟಿದರೂ ಅದು ಮೆಲ್ಲಮೆಲ್ಲನೆ ಒರಟಾಗುತ್ತದೆಯೇ ಹೊರತು ಒಮ್ಮೆಲೇ ಮುರಿಯುವುದಿಲ್ಲ. ಡಿಜಿಟಲ್ ಲೆಕ್ಕದಲ್ಲಿ ಸೊನ್ನೆಯೇ ಕೊನೆ. ಅದರಾಚೆ ಅಂಕೆಯೇ ಇಲ್ಲ. ದಾಟಿದ ಶಿಖರಗಳು ಕತ್ತರಿಸಿಹೋಗುತ್ತವೆ. ಟೇಪಿನ ಅಭ್ಯಾಸದಂತೆ ಆಗಾಗ ಕೆಂಪು ಮುಟ್ಟಿಸುವವರು ಇಲ್ಲಿ ಶಿಖರಗಳನ್ನು ಮೈನಸ್ 6 ಡೆಸಿಬೆಲ್ ಆಸುಪಾಸಿನಲ್ಲೇ ನಿಲ್ಲಿಸುವುದು ಕ್ಷೇಮ. ಈ ಕೆಲಸದಲ್ಲಿ ನಂಬಬೇಕಾದದ್ದು ಕಂಪ್ಯೂಟರಿನ ಮಾಪಕವನ್ನು, ಹಳೆಯ ಪೆಟ್ಟಿಗೆಯ ಮುಳ್ಳನ್ನಲ್ಲ.

ಈ ಡಿಜಿಟಲ್ ಸೊನ್ನೆಯೇ ಮತ್ತೊಂದು ಜಗಳಕ್ಕೆ ಕಾರಣವಾಯಿತು. 1990ರ ದಶಕದಿಂದ ಸಿ.ಡಿ. ತಯಾರಕರು ಶಿಖರಗಳನ್ನು ಅದುಮಿ, ಉಳಿದ ಸದ್ದನ್ನೆಲ್ಲ ಸೊನ್ನೆಯ ಅಂಚಿಗೆ ಏರಿಸುವ ಪೈಪೋಟಿಗೆ ಬಿದ್ದರು. 2008ರಲ್ಲಿ ಬಂದ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಂ ಕಿವಿಗಡಚಿಕ್ಕುತ್ತದೆಂದು ಅಭಿಮಾನಿಗಳೇ ದೂರಿದರು. ಟಿ.ವಿ. ಜಾಹೀರಾತುಗಳದೂ ಇದೇ ತಂತ್ರ. ಶಿಖರದ ಮಾಪಕದಲ್ಲಿ ಧಾರಾವಾಹಿಯೂ ಜಾಹೀರಾತೂ ಒಂದೇ ಎತ್ತರ. ಕಿವಿಗೆ ಮಾತ್ರ ಜಾಹೀರಾತು ಅರಚುತ್ತಿತ್ತು.

ಕೊನೆಗೆ 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕಿವಿಗೆ ಅನ್ನಿಸುವ ಜೋರನ್ನು ಅಳೆಯುವ ಹೊಸ ವಿಧಾನವನ್ನು ಪ್ರಕಟಿಸಿತು. 2010ರಲ್ಲಿ ಯುರೋಪಿನ ಪ್ರಸಾರಕರ ಒಕ್ಕೂಟ ಅದನ್ನು ಆಧರಿಸಿ ತನ್ನ ಶಿಫಾರಸು ಹೊರಡಿಸಿತು. ಜಾಹೀರಾತು ಅರಚಬಾರದೆಂದು ಅಮೆರಿಕ ಅದೇ ವರ್ಷ ಕಾಯ್ದೆ ಮಾಡಿತು. ಅದು 2012ರ ಡಿಸೆಂಬರಿನಿಂದ ಜಾರಿಗೆ ಬಂತು. ಹೊಸ ವಿಧಾನದ ತಿರುಳು ಏನೆಂದರೆ, ಕ್ಷಣದ ಶಿಖರವನ್ನಲ್ಲ, ಕಾಲದುದ್ದಕ್ಕೂ ಹರಡಿದ ಸರಾಸರಿಯನ್ನು ನೋಡು ಎಂಬುದೇ. ಶಿಖರಕ್ಕೂ ಒಂದು ಮಿತಿ ಹಾಕಿ, ಬಿಬಿಸಿಯ ಹಳೆಯ ಕಾಳಜಿಗೂ ಅದು ಜಾಗ ಕೊಟ್ಟಿತು.

1939ರಲ್ಲಿ ಮುಳ್ಳನ್ನು ಬೇಕೆಂದೇ ನಿಧಾನ ಮಾಡಿದವರ ಎಣಿಕೆ ಎಪ್ಪತ್ತು ವರ್ಷಗಳ ನಂತರ ಹೀಗೆ ಬೇರೊಂದು ರೂಪದಲ್ಲಿ ಮರಳಿ ಬಂತು. ಅಟ್ಟದಿಂದ ಇಳಿದ ಪೆಟ್ಟಿಗೆಯಲ್ಲಿ ಒಣಗಿದ ಕೆಪಾಸಿಟರ್ ಬದಲಿಸಿ ಮುಳ್ಳಿನ ಅವಸರ ತಗ್ಗಿಸುವವರು ಮಾಡುವುದೂ ಅದೇ ಕೆಲಸ. ಯಂತ್ರಗಳನ್ನು ಇನ್ನೂ ಕೆಲವು ಕಾಲ ದುರಸ್ತಿ ಮಾಡಬಹುದು. ಆದರೆ ಅವು ನುಡಿಸಬೇಕಾದ ಟೇಪುಗಳ ಅಂಟು ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತಿದೆ. ಅವುಗಳಲ್ಲಿರುವ ದನಿಗಳನ್ನು ಇಳಿಸಿಟ್ಟುಕೊಳ್ಳುವ ಕೆಲಸವನ್ನು ಮುಂದೂಡುವಂತಿಲ್ಲ.